ತೆಳು ಸೆರಿಫ್ ಅಕ್ಷರ: ಕಾರ್ಡಿಗೆ ಯಾವುದು, ಪ್ಯಾಕೆಟ್ಟಿಗೆ ಯಾವುದು, ಬೋರ್ಡಿಗೆ ಯಾವುದು?

ಈ ಸಲ ಮದುವೆ ಸೀಸನ್ ಶುರುವಾಗುವ ಮುಂಚೆಯೇ ನಾಲ್ಕು ಜನ ಒಂದೇ ಪ್ರಶ್ನೆ ಇಟ್ಟುಕೊಂಡು ಬಂದರು. ಆಲ್ದೂರಿನ ಹತ್ತಿರ ಹೋಂಸ್ಟೇ ನಡೆಸುವ ಅಕ್ಕನಿಗೆ ಗೇಟಿನ ಬೋರ್ಡ್ ಆಗಬೇಕು. ತೋಟದ ಕಾಫಿಯನ್ನು ತಾನೇ ಹುರಿದು ಮಾರಲು ಹೊರಟ ಹುಡುಗನಿಗೆ ಪ್ಯಾಕೆಟ್. ಬೇಲೂರಿನ ಮೇಷ್ಟ್ರಿಗೆ ಕವನ ಸಂಕಲನ. ಮೂಡಿಗೆರೆಯ ದಂಪತಿಗೆ ಮಗಳ ಮದುವೆ ಕಾರ್ಡ್. ನಾಲ್ವರ ಕೈಯಲ್ಲೂ ಫೋನ್, ಫೋನಿನಲ್ಲಿ ತೆಳ್ಳಗಿನ, ನಾಜೂಕಾದ ಇಂಗ್ಲಿಷ್ ಅಕ್ಷರದ ಒಂದು ಫೋಟೋ. "ಇಂಥದ್ದೇ ಬೇಕು. ಆದರೆ ಇಂಥವೇ ಐದಾರು ಇವೆಯಲ್ಲ, ಯಾವುದು ತಗೊಳ್ಳೋದು?"

ನಾನು ಚಿಕ್ಕಮಗಳೂರಿನಲ್ಲಿ ಡಿಟಿಪಿ, ಡಿಸೈನ್ ಕೆಲಸ ಮಾಡುತ್ತೇನೆ. ನಾಲ್ವರಿಗೂ ಒಂದೇ ಫಾಂಟ್ ಹೇಳಿ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಮೊದಲು ಅಳೆಯುವುದು ಹೇಗೆ ಅಂತ ಹೇಳುತ್ತೇನೆ, ಆಮೇಲೆ ಒಂದೊಂದನ್ನೇ ನೋಡೋಣ.

ಸೆರಿಫ್ ಅಂದರೆ ಇಂಗ್ಲಿಷ್ ಅಕ್ಷರದ ಗೆರೆಯ ತುದಿಯಲ್ಲಿ ಇರುವ ಪುಟ್ಟ ಪಾದ. ಲೈಟ್ ಅಂದರೆ ಆ ಅಕ್ಷರದ ಒಟ್ಟು ಗೆರೆಯೇ ತೆಳ್ಳಗೆ ಇರುವ ತೂಕ. ಎರಡೂ ಸೇರಿದಾಗ ಅಕ್ಷರ ಲೇಖನಿಯ ತುದಿಯಲ್ಲಿ ಈಗಷ್ಟೇ ಎಳೆದ ಹಾಗೆ ಕಾಣುತ್ತದೆ. ಸುತ್ತ ಬಿಳಿ ಜಾಗ ಜಾಸ್ತಿ ಸಿಗುತ್ತದೆ, ಪುಟ ಉಸಿರಾಡುತ್ತದೆ. ಜನ ಮರುಳಾಗುವುದು ಅದಕ್ಕೇ. ನಾನೂ ಮರುಳಾದವನೇ.

ಫಾಂಟಿಗಿಂತ ಮೊದಲು ನೋಡಬೇಕಾದ್ದು

ಕೆಲವು ವರ್ಷದ ಹಿಂದೆ ಒಂದು ತೋಟದ ಕಾಫಿ ಪುಡಿಗೆ 250 ಗ್ರಾಂ ಪ್ಯಾಕೆಟ್ ಡಿಸೈನ್ ಮಾಡಿದ್ದೆ. ಕಂದು ಕ್ರಾಫ್ಟ್ ಪೇಪರ್. ಅದರ ಮೇಲೆ ಕಡುಗಂದು ಪಟ್ಟಿ. ಪಟ್ಟಿಯ ಒಳಗೆ ಕಾಗದದ ಬಣ್ಣವೇ ಅಕ್ಷರವಾಗಿ ಕಾಣುವ ಹಾಗೆ ಬಿಟ್ಟ 8 ಪಾಯಿಂಟ್‌ನ ತೆಳು ಸೆರಿಫ್. ಕಂಪ್ಯೂಟರಿನಲ್ಲಿ ಎಷ್ಟು ಚೆಂದ ಇತ್ತು ಅಂದರೆ ಪ್ರೂಫ್ ತೆಗೆಸದೆ ಫೈಲ್ ಕೊಟ್ಟುಬಿಟ್ಟೆ. ಪ್ಯಾಕೆಟ್ ಬಂದ ದಿನ ಲೆನ್ಸ್ ಇಟ್ಟು ನೋಡಿದೆ. ದೊಡ್ಡ 'ಎ' ಅಕ್ಷರಕ್ಕೆ ಎಡಗಾಲೇ ಇರಲಿಲ್ಲ. 'ಎನ್' ಅಕ್ಷರದ ಎರಡು ನೆಟ್ಟಗಿನ ಗೆರೆ ಹೋಗಿ, ನಡುವಿನ ಓರೆ ಗೆರೆ ಒಂದೇ ಉಳಿದಿತ್ತು. ಕ್ರಾಫ್ಟ್ ಪೇಪರ್ ಶಾಯಿಯನ್ನು ಹೀರಿ ಪಕ್ಕಕ್ಕೆ ಹರಡಿಸಿತ್ತು, ಹರಡಿದ ಶಾಯಿ ತೆಳು ಗೆರೆಗಳನ್ನು ಮುಚ್ಚಿಹಾಕಿತ್ತು. ಪ್ರೆಸ್‌ನವರ ತಪ್ಪು ಏನೂ ಇಲ್ಲ. ಆ ಅಕ್ಷರ ಆ ಕಾಗದಕ್ಕೆ ಸೇರಿದ್ದೇ ಅಲ್ಲ.

ಅಂದಿನಿಂದ ನನ್ನ ಮೊದಲ ಅಳತೆ ಇದೇ: ಅಕ್ಷರದ ಅತಿ ತೆಳು ಗೆರೆ ಎಷ್ಟು ದಪ್ಪ? ಫಾಂಟನ್ನು 100 ಪಾಯಿಂಟ್‌ಗೆ ಹಿಗ್ಗಿಸಿ, ಸಣ್ಣ 'ಇ' ಅಕ್ಷರದ ಅಡ್ಡಗೆರೆಯನ್ನೋ ದೊಡ್ಡ 'ಎ' ಅಕ್ಷರದ ಎಡಗಾಲನ್ನೋ ಅಳೆಯಿರಿ. ಅದು 2 ಪಾಯಿಂಟ್ ಬಂತು ಅಂದುಕೊಳ್ಳಿ. ಅದೇ ಅಕ್ಷರ 12 ಪಾಯಿಂಟ್‌ನಲ್ಲಿ ಇದ್ದಾಗ ಆ ಗೆರೆ 0.24 ಪಾಯಿಂಟ್ ಆಗುತ್ತದೆ. ಒಳ್ಳೆ ನಯವಾದ ಕಾಗದದ ಮೇಲೆ ಆಫ್‌ಸೆಟ್‌ನಲ್ಲಿ 0.25 ಪಾಯಿಂಟ್, ಅಂದರೆ ಹೆಚ್ಚುಕಮ್ಮಿ 0.09 ಮಿಲಿಮೀಟರ್ ಗೆರೆ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಅದೃಷ್ಟ. ಗಾಢ ಬಣ್ಣದೊಳಗೆ ಬಿಳಿ ಅಕ್ಷರ ಬಿಡುವುದಾದರೆ ನಾನು ಅದರ ಎರಡರಷ್ಟು, 0.5 ಪಾಯಿಂಟ್ ಇಟ್ಟುಕೊಳ್ಳುತ್ತೇನೆ. ಅಂದರೆ ಅದೇ ಫಾಂಟ್ 25 ಪಾಯಿಂಟ್ ಇರಬೇಕು. ಈ ಒಂದು ಲೆಕ್ಕ ಅರ್ಧ ಗೊಂದಲ ಕಳೆಯುತ್ತದೆ.

ಎರಡನೆಯದು ಮೇಲ್ಮೈ. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಲು ನನಗೆ ಸುಲಭದ ದಾರಿ ಇದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ ಬಳಪದ ಕಲ್ಲಿನದು, 1117ರದ್ದು. ಆ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಮದನಿಕೆಯರ ಮೈಮೇಲಿನ ಸರದ ಮಣಿಮಣಿಯನ್ನೂ ಬಿಡಿಸಲು ಆಯಿತು. ಅದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಗೊಮ್ಮಟ ನಿಂತಿರುವುದು ಗ್ರಾನೈಟ್‌ನಲ್ಲಿ. ಅಲ್ಲಿ ಕುಸುರಿ ಕೆಲಸಕ್ಕಿಂತ ನಯವಾದ, ಅಗಲವಾದ ಮೈಯೇ ಸೌಂದರ್ಯ. ಎರಡೂ ಕಡೆ ಶಿಲ್ಪಿಗಳು ಕಲ್ಲನ್ನು ತಿಳಿದು ಉಳಿ ಹಿಡಿದವರು. ಅಚ್ಚಿನಲ್ಲೂ ಇದೇ ಆಗಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ 1757ರಲ್ಲಿ ವರ್ಜಿಲ್ ಕವಿಯ ಪುಸ್ತಕ ಅಚ್ಚು ಹಾಕಿದಾಗ ಅಕ್ಷರವನ್ನು ನಾಜೂಕು ಮಾಡಿ ಸುಮ್ಮನಾಗಲಿಲ್ಲ. ನಯವಾದ ಕಾಗದ ಹುಡುಕಿದ, ಶಾಯಿಯನ್ನು ಕಡುಕಪ್ಪು ಮಾಡಿದ, ಅಚ್ಚಾದ ಹಾಳೆಗಳನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿದ. ಒರಟು ಕಾಗದದಲ್ಲಿ ತನ್ನ ತೆಳು ಗೆರೆ ಉಳಿಯುವುದಿಲ್ಲ ಅಂತ ಆತನಿಗೆ ಗೊತ್ತಿತ್ತು.

ಮೂರನೆಯದು ದೂರ: ಓದುವವರು ಒಂದು ಅಡಿ ದೂರದಲ್ಲಿ ಇರುತ್ತಾರೋ ಅರವತ್ತು ಅಡಿಯೋ. ನಾಲ್ಕನೆಯದು, ಜೊತೆಗೆ ಬರುವ ಕನ್ನಡ ಅಕ್ಷರ. ಇದನ್ನು ಎಲ್ಲರೂ ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಖರ್ಚು ಐದನೆಯದು. ಆದರೆ ನಾನು ಕೆಳಗೆ ಹೇಳುವ ಫಾಂಟ್‌ಗಳೆಲ್ಲ ಉಚಿತ, ಓಪನ್ ಲೈಸೆನ್ಸ್‌ನವು. ವ್ಯಾಪಾರಕ್ಕೂ ಬಳಸಬಹುದು. ಹಣ ಬೇಕಾಗುವುದು ಕಾಗದಕ್ಕೆ, ಪ್ರೂಫಿಗೆ.

ಕಾರ್ಮೊರಂಟ್

ಫೋನಿನಲ್ಲಿ ನೀವು ತೋರಿಸುವ ಫೋಟೋದಲ್ಲಿ ಇರುವುದು ಬಹಳ ಸಲ ಇದೇ. ಕ್ರಿಶ್ಚಿಯನ್ ಥಾಲ್ಮನ್ ಎಂಬ ವಿನ್ಯಾಸಕರು ಮಾಡಿದ್ದು. 16ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿದ್ದ ಕ್ಲೋಡ್ ಗ್ಯಾರಮಂಡ್‌ನ ಅಕ್ಷರಗಳಿಂದ ಸ್ಫೂರ್ತಿ ಪಡೆದದ್ದು. ಕಾರ್ಮೊರಂಟ್ ಅಂದರೆ ನೀರುಕಾಗೆ. ಅಯ್ಯನಕೆರೆಯಲ್ಲಿ ಬಂಡೆ ಮೇಲೆ ರೆಕ್ಕೆ ಅಗಲಿಸಿ ಕೂತಿರುತ್ತಲ್ಲ, ಅದೇ ಹಕ್ಕಿ. ಈ ಅಕ್ಷರದ ಚೂಪಾದ ಕೊಕ್ಕು, ಉದ್ದ ಕತ್ತು ನೋಡಿದಾಗ ಹೆಸರು ಸರಿಯಾಗಿದೆ ಅನ್ನಿಸುತ್ತದೆ.

ಇದರ ಸೊಗಸು ಎಲ್ಲಿದೆ ಅಂದರೆ, ಸಣ್ಣ ಅಕ್ಷರಗಳ ಮೈ ಗಿಡ್ಡ, ಮೇಲೇಳುವ ಕೋಲುಗಳು ಎತ್ತರ. ಸಾಲುಗಳ ನಡುವೆ ತಾನಾಗಿ ಗಾಳಿ ಆಡುತ್ತದೆ. ಸಣ್ಣ 'ಇ' ಅಕ್ಷರದ ಕಣ್ಣು ಸೂಜಿಯ ಕಣ್ಣಿನಷ್ಟು. 40 ಪಾಯಿಂಟ್‌ನಲ್ಲಿ ಇದು ಒಡವೆ. 9 ಪಾಯಿಂಟ್‌ನಲ್ಲಿ ಅದೇ ಕಣ್ಣು ಮುಚ್ಚಿಕೊಳ್ಳುತ್ತದೆ, ಅದೇ ಗಿಡ್ಡ ಮೈ ಓದಲು ತ್ರಾಸ ಕೊಡುತ್ತದೆ. ಇದನ್ನು ಶೀರ್ಷಿಕೆಗಾಗಿಯೇ ಬರೆದಿದ್ದು. ಲೈಟ್‌ನಿಂದ ಬೋಲ್ಡ್‌ವರೆಗೆ ಐದು ತೂಕ ಇವೆ. ಲೈಟನ್ನು ಅಚ್ಚಿನಲ್ಲಿ 24 ಪಾಯಿಂಟ್‌ಗಿಂತ ಕೆಳಗೆ ನಾನು ಇಡುವುದಿಲ್ಲ. 14ರಿಂದ 24ರ ನಡುವೆ ಬೇಕಾದರೆ ಮೀಡಿಯಂ. ಅದಕ್ಕಿಂತ ಕೆಳಗೆ ಬೇರೆ ಫಾಂಟ್.

ಇದರ ಮನೆಯಲ್ಲಿ ಅಣ್ಣತಮ್ಮಂದಿರೂ ಇದ್ದಾರೆ. 'ಇನ್‌ಫಂಟ್' ಅನ್ನುವುದರಲ್ಲಿ ಸಣ್ಣ 'ಎ', 'ಜಿ' ನಾವು ಕೈಯಲ್ಲಿ ಬರೆಯುವ ಹಾಗೆ ಸರಳ. ನಾಮಕರಣದ ಕಾರ್ಡಿಗೆ ಬಹಳ ಮುದ್ದಾಗಿ ಕೂರುತ್ತದೆ. ಉದ್ದ ಬರಹಕ್ಕೆ ಜೊತೆ ಬೇಕಾದರೆ ಇಬಿ ಗ್ಯಾರಮಂಡ್ ಇದೆ. ಅದೂ ಅದೇ ಗ್ಯಾರಮಂಡ್ ವಂಶ, 1592ರ ಒಂದು ಅಚ್ಚಿನ ಮಾದರಿ ಹಾಳೆ ನೋಡಿ ಮಾಡಿದ್ದು. ಅದರಲ್ಲಿ ಲೈಟ್ ತೂಕ ಇಲ್ಲ. ಒಳಪುಟಕ್ಕೆ ಅದು ಬೇಕಾಗಿಯೂ ಇಲ್ಲ.

ಸ್ಪೆಕ್ಟ್ರಲ್ ಮತ್ತು ಸೋರ್ಸ್ ಸೆರಿಫ್ 4

ಸ್ಪೆಕ್ಟ್ರಲ್ ಪ್ಯಾರಿಸ್‌ನ ಪ್ರೊಡಕ್ಷನ್ ಟೈಪ್ ಸಂಸ್ಥೆ 2017ರಲ್ಲಿ ಗೂಗಲ್‌ಗಾಗಿ ಮಾಡಿದ್ದು. ಹುಟ್ಟಿದ್ದೇ ಪರದೆಗಾಗಿ. ಎಕ್ಸ್‌ಟ್ರಾ ಲೈಟ್‌ನಿಂದ ಶುರುವಾಗಿ ಏಳು ತೂಕ. ಇದರಲ್ಲಿ ದಪ್ಪ ಗೆರೆಗೂ ತೆಳು ಗೆರೆಗೂ ವ್ಯತ್ಯಾಸ ಕಡಿಮೆ. ಅದಕ್ಕೇ ಲೈಟ್ ಆದರೂ ಯಾವ ಗೆರೆಯೂ ತೀರಾ ಸೊರಗುವುದಿಲ್ಲ. ಹೋಂಸ್ಟೇ ವೆಬ್‌ಸೈಟ್‌ನಲ್ಲಿ "ಬೆಳಗ್ಗೆ ತೋಟದಲ್ಲಿ ಒಂದು ಸುತ್ತು" ಅಂತ ನಾಲ್ಕು ಪ್ಯಾರಾ ಇಂಗ್ಲಿಷಿನಲ್ಲಿ ಬರೆಯುತ್ತೀರಿ ಅಂದುಕೊಳ್ಳಿ, ಅಂಥ ಜಾಗಕ್ಕೆ ಇದು ಹೇಳಿ ಮಾಡಿಸಿದ್ದು. ಕಾರ್ಮೊರಂಟ್ ಕೊಡುವ ಬೆರಗು ಇದು ಕೊಡುವುದಿಲ್ಲ. ಆದರೆ ಐದು ನಿಮಿಷ ಓದಿದರೂ ಕಣ್ಣು ದಣಿಯುವುದಿಲ್ಲ.

ಸೋರ್ಸ್ ಸೆರಿಫ್ 4 ಅಡೋಬಿಯ ಫ್ರಾಂಕ್ ಗ್ರೀಸ್‌ಹ್ಯಾಮರ್ ಮಾಡಿದ್ದು. ಇದರ ವಿಶೇಷ ಬೇರೆ. ಒಂದೇ ಅಕ್ಷರವನ್ನು ಅಳತೆಗೆ ತಕ್ಕಂತೆ ಬೇರೆ ಬೇರೆಯಾಗಿ ಬರೆದಿದ್ದಾರೆ. ಅತಿ ಸಣ್ಣ ಬರಹಕ್ಕೆ 'ಕ್ಯಾಪ್ಷನ್', ಅಲ್ಲಿ ತೆಳು ಗೆರೆ ಸ್ವಲ್ಪ ದಪ್ಪ, ಅಕ್ಷರಗಳ ನಡುವೆ ಜಾಗ ಜಾಸ್ತಿ. ದೊಡ್ಡ ಶೀರ್ಷಿಕೆಗೆ 'ಡಿಸ್‌ಪ್ಲೇ', ಅಲ್ಲಿ ಅದೇ ಗೆರೆ ಕೂದಲೆಳೆ. ಹಿಂದೆ ಸೀಸದ ಅಚ್ಚುಮೊಳೆಯ ಕಾಲದಲ್ಲಿ ಪ್ರತಿ ಅಳತೆಗೂ ಬೇರೆ ಮೊಳೆ ಕೆತ್ತುತ್ತಿದ್ದರು, ಆ ಜಾಣತನ ಇಲ್ಲಿ ವಾಪಸ್ ಬಂದಿದೆ. ಪ್ಯಾಕೆಟ್ಟಿನ ಮುಂದೆ 48 ಪಾಯಿಂಟ್ ಹೆಸರು, ಹಿಂದೆ 7 ಪಾಯಿಂಟ್ ವಿವರ, ಎರಡೂ ಒಂದೇ ಮನೆಯವು ಅನ್ನಿಸಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಉಚಿತವಾಗಿ ನನಗೆ ಸಿಕ್ಕಿಲ್ಲ. ನೋಡಿದ ಕೂಡಲೇ "ಅಬ್ಬಾ" ಅನ್ನಿಸುವ ಮುಖ ಅಲ್ಲ, ಅದು ನಿಜ.

ಬೊಡೋನಿ ಮೋಡಾ, ಪ್ಲೇಫೇರ್ ಡಿಸ್‌ಪ್ಲೇ

ಇವೆರಡರಲ್ಲೂ ಲೈಟ್ ತೂಕವೇ ಇಲ್ಲ, ರೆಗ್ಯುಲರ್‌ನಿಂದ ಶುರು. ಆದರೂ ಜನ ಇವನ್ನು ತೆಳು ಅಂತಲೇ ಕರೆಯುತ್ತಾರೆ. ಯಾಕೆಂದರೆ ಬೊಡೋನಿಯಲ್ಲಿ ದಪ್ಪ ಗೆರೆ ಕಂಬದಂತೆ, ತೆಳು ಗೆರೆ ದಾರದಂತೆ. ಆ ದಾರ ಸ್ಪೆಕ್ಟ್ರಲ್ ಲೈಟ್‌ನ ಗೆರೆಗಿಂತಲೂ ಸಪೂರ. ಹೆಸರಿನಲ್ಲಿ ಲೈಟ್ ಇದೆಯೋ ಇಲ್ಲವೋ ನೋಡಬೇಡಿ, ಅಳೆದು ನೋಡಿ ಅಂದಿದ್ದು ಇದಕ್ಕೇ. ಬಟ್ಟೆ ಬುಟಿಕ್, ಒಡವೆ, ಬ್ಯೂಟಿ ಪಾರ್ಲರ್‌ಗೆ ಬೊಡೋನಿ ಒಪ್ಪುತ್ತದೆ. ಕಾಫಿ ತೋಟಕ್ಕೆ ನನ್ನ ಕಣ್ಣಿಗೆ ತೀರಾ ನಗರದ್ದಾಗಿ ಕಾಣುತ್ತದೆ. ಪ್ಲೇಫೇರ್ ಡಿಸ್‌ಪ್ಲೇ ಗಟ್ಟಿ ಅಕ್ಷರ, ಒರಟು ಕಾಗದವನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. ಒಂದು ಮಾತು ನೆನಪಿಡಿ: ಅದರ ಅಂಕಿಗಳು ಸಾಲಿನಿಂದ ಮೇಲೆ ಕೆಳಗೆ ಹೋಗುವ ಹಳೆ ಶೈಲಿಯವು. ಫೋನ್ ನಂಬರ್, ದರಪಟ್ಟಿ ಹಾಕುವಾಗ ಲೈನಿಂಗ್ ಅಂಕಿ, ಅಂದರೆ ಎಲ್ಲವೂ ಒಂದೇ ಎತ್ತರಕ್ಕೆ ನಿಲ್ಲುವ ಅಂಕಿ, ಆನ್ ಮಾಡಿ.

ಜೊತೆಗೆ ಕನ್ನಡ ಯಾವುದು?

ಇಲ್ಲಿಗೆ ಬಂದಾಗ ನಾಲ್ವರೂ ಸುಮ್ಮನಾದರು. ಇಂಗ್ಲಿಷ್ ಫಾಂಟಿಗೆ ಒಂದು ವಾರ ಹುಡುಕಿದವರು ಕನ್ನಡಕ್ಕೆ "ಯಾವುದೋ ಒಂದು ಹಾಕಿ" ಅನ್ನುತ್ತಾರೆ. ನನಗೆ ನೋವಾಗುವುದು ಇದೇ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಸಿಕ್ಕಿದ್ದು ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. ನಮ್ಮ ಮಣ್ಣಿನ ಅಕ್ಷರಕ್ಕೆ ಎರಡು ದಿನ ಕೊಡೋಣ, ಅಲ್ವಾ?

ಕನ್ನಡದಲ್ಲಿ ಸೆರಿಫ್ ಎಂಬ ಪಾದ ಇಲ್ಲ. ನಮಗೆ ತಲೆಕಟ್ಟು ಇದೆ, ಒತ್ತಕ್ಷರ ಇದೆ, ಸುತ್ತಿನೊಳಗೆ ಸುತ್ತು ಇದೆ. ತೆಳು ಗೆರೆಯ ಕಷ್ಟ ಕಾಣುವುದು ಒತ್ತಿನಲ್ಲಿ. 'ಚಿಕ್ಕಮಗಳೂರು' ಅಂತ ಬರೆದು ಕ್ಕ ನೋಡಿ. ಕೆಳಗಿನ ಒತ್ತು ಮೇಲಿನ ಅಕ್ಷರಕ್ಕಿಂತ ಚಿಕ್ಕದು, ಅದರ ಗೆರೆ ಮೊದಲು ಮಾಯವಾಗುತ್ತದೆ. ಹಾಗಾಗಿ ಇಂಗ್ಲಿಷ್ ಲೈಟ್ ಇದ್ದರೆ ಕನ್ನಡವನ್ನು ಒಂದು ತೂಕ ಮೇಲೆ, ಅಂದರೆ ರೆಗ್ಯುಲರ್ ಇಡಿ. ಕಣ್ಣಿಗೆ ಎರಡೂ ಒಂದೇ ದಪ್ಪದಲ್ಲಿ ಕಾಣುತ್ತವೆ. ಸಾಲುಗಳ ನಡುವೆಯೂ ಜಾಗ ಜಾಸ್ತಿ ಬೇಕು. 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲು ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುವುದಿಲ್ಲ.

ನೋಟೋ ಸೆರಿಫ್ ಕನ್ನಡದಲ್ಲಿ ಅತಿ ತೆಳುವಾದ 100ರಿಂದ ಅತಿ ದಪ್ಪದ 900ರವರೆಗೆ ಎಲ್ಲ ತೂಕ ಇದೆ. ದಪ್ಪ-ತೆಳು ಏರಿಳಿತವೂ ಇದೆ. ಹಾಗಾಗಿ ತೆಳು ಇಂಗ್ಲಿಷ್ ಸೆರಿಫ್ ಪಕ್ಕದಲ್ಲಿ ನಾನು ಮೊದಲು ಇಟ್ಟು ನೋಡುವುದು ಇದನ್ನೇ. ಟಿರೋ ಕನ್ನಡಕ್ಕೆ ಒಂದೇ ತೂಕ, ಜೊತೆಗೆ ಇಟಾಲಿಕ್. ಆದರೆ ಸಾಹಿತ್ಯದ ಪುಸ್ತಕಕ್ಕೆ ಅದರಷ್ಟು ಹಿತವಾದ ಮುಖ ಉಚಿತದಲ್ಲಿ ಇನ್ನೊಂದು ನಾನು ಕಂಡಿಲ್ಲ. ಹಳೆ ಪುಸ್ತಕದ ಪರಿಮಳ ಅದಕ್ಕಿದೆ. 'ಹುಬ್ಬಳ್ಳಿ' ಎಂಬ ಫಾಂಟ್‌ನಲ್ಲಿ ಗೆರೆಯೆಲ್ಲ ಒಂದೇ ದಪ್ಪ, ತೆಳ್ಳಗೆ, ಸಲುಗೆಯ ಮುಖ. ಕೆಫೆ ಮೆನುಗೆ ಚೆಂದ, ಮದುವೆ ಕಾರ್ಡಿನ ಗಾಂಭೀರ್ಯಕ್ಕೆ ಅಲ್ಲ. ಅನೇಕ್ ಕನ್ನಡದಲ್ಲೂ ತೆಳು ತೂಕಗಳಿವೆ, ಅದು ಬೋರ್ಡಿಗೆ ಒಳ್ಳೆಯದು.

ಇವೆಲ್ಲ ಯೂನಿಕೋಡ್ ಫಾಂಟ್‌ಗಳು, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಬಳಸುವಂಥವು. ನಮ್ಮ ಊರಿನ ಎಷ್ಟೋ ಪ್ರೆಸ್‌ಗಳಲ್ಲಿ ಇನ್ನೂ ಹಳೆ ಎನ್‌ಕೋಡಿಂಗ್‌ನಲ್ಲೇ ಟೈಪ್ ಮಾಡುತ್ತಾರೆ. ಅಲ್ಲಿ ಟೈಪ್ ಆದದ್ದಕ್ಕೆ ಸೀದಾ ನೋಟೋ ಹಾಕಿದರೆ ಏನೇನೋ ಬರುತ್ತದೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಡಿಸೈನ್ ಸಾಫ್ಟ್‌ವೇರ್ ಹಳೆ ಕೋರೆಲ್‌ಡ್ರಾ ಆದರೆ ಅದರಲ್ಲಿ ಯೂನಿಕೋಡ್ ಕನ್ನಡದ ಒತ್ತು ಕೆಳಗೆ ಇಳಿಯದೆ ಪಕ್ಕಕ್ಕೆ ಬಂದು ಕೂರುತ್ತದೆ. ಇನ್‌ಡಿಸೈನ್ ಆದರೆ ಒತ್ತನ್ನು ಸರಿಯಾಗಿ ಕೂರಿಸುವ ವರ್ಲ್ಡ್‌ರೆಡಿ ಕಂಪೋಸರ್ ಆರಿಸಿ. ಕೊನೆಗೆ ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ, ಪ್ರೂಫಿನಲ್ಲಿ ಒಂದೊಂದು ಒತ್ತನ್ನೂ ಬೆರಳಿಟ್ಟು ನೋಡಿ.

ನಾಲ್ವರಿಗೆ ನಾನು ಹೇಳಿದ್ದು

ಹೋಂಸ್ಟೇ ಅಕ್ಕನಿಗೆ ಬೋರ್ಡಿನ ವಿಷಯದಲ್ಲಿ ತೆಳು ಸೆರಿಫ್ ಬೇಡ ಅಂದೆ. ಬೋರ್ಡ್ ಬರೆಯುವವರ ಲೆಕ್ಕದಲ್ಲಿ 1 ಇಂಚು ಎತ್ತರದ ಅಕ್ಷರವನ್ನು 10 ಅಡಿಯಿಂದ ಆರಾಮಾಗಿ ಓದಬಹುದು. ಕಾರಿನವರಿಗೆ 60 ಅಡಿಯಿಂದ ಕಾಣಬೇಕಾದರೆ 6 ಇಂಚು, ಅದೂ ಮಾಮೂಲಿ ದಪ್ಪದ ಅಕ್ಷರಕ್ಕೆ. ಮಳೆಗಾಲದ ಮಂಜಿನಲ್ಲಿ ಆ ತಿರುವಿನಲ್ಲಿ ತೆಳು ಗೆರೆ ಕಾಣುವುದಿಲ್ಲ. ಜೊತೆಗೆ ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ ಆದ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಾಗಾಗಿ ಬೋರ್ಡಿಗೆ ಅನೇಕ್ ಕನ್ನಡ ಮೀಡಿಯಂ ದೊಡ್ಡದಾಗಿ, ಕೆಳಗೆ ಕಾರ್ಮೊರಂಟ್ ಸೆಮಿಬೋಲ್ಡ್. ಅವರು ಇಷ್ಟಪಟ್ಟ ಲೈಟ್ ಅಕ್ಷರ ಎಲ್ಲೂ ಹೋಗಲಿಲ್ಲ. ರೂಮಿನ ಸ್ವಾಗತ ಕಾರ್ಡಿನಲ್ಲಿ, ವೆಬ್‌ಸೈಟಿನ ಮೊದಲ ಸಾಲಿನಲ್ಲಿ ಇದೆ.

ಕಾಫಿ ಹುಡುಗನ ವಿಷಯ ಸ್ವಲ್ಪ ಕಷ್ಟದ್ದು. ಚಿಕ್ಕಮಗಳೂರು ಅರೇಬಿಕಾಗೂ ಬಾಬಾಬುಡನ್‌ಗಿರಿ ಅರೇಬಿಕಾಗೂ 2019ರಲ್ಲಿ ಜಿಐ, ಅಂದರೆ ಆ ಊರಿನ ಬೆಳೆ ಎಂಬ ಭೌಗೋಳಿಕ ಗುರುತು, ಸಿಕ್ಕ ಮೇಲೆ ಈ ಹೆಸರುಗಳು ಪ್ಯಾಕೆಟ್ಟಿನಲ್ಲಿ ಬರಬೇಕು ಅಂತ ಎಲ್ಲ ಬೆಳೆಗಾರರಿಗೂ ಆಸೆ. ಉದ್ದ ಹೆಸರು, ಸಣ್ಣ ಪ್ಯಾಕೆಟ್. ಕೈಯಲ್ಲಿ ಹಣ ಕಡಿಮೆ ಇದ್ದು ಕ್ರಾಫ್ಟ್ ಪೇಪರೇ ಆಗಬೇಕಾದರೆ ಪ್ಲೇಫೇರ್, ಕಪ್ಪು ಒಂದೇ ಶಾಯಿ, ಗಾಢ ಪಟ್ಟಿ ಬೇಡ. ಸ್ವಲ್ಪ ಜಾಸ್ತಿ ಹಾಕುವುದಾದರೆ ಸಾದಾ ಕ್ರಾಫ್ಟ್ ಚೀಲದ ಮೇಲೆ ಬಿಳಿ ಮ್ಯಾಟ್ ಸ್ಟಿಕ್ಕರ್ ಅಂಟಿಸಿ, ಸ್ಟಿಕ್ಕರ್ ಮೇಲೆ ಸೋರ್ಸ್ ಸೆರಿಫ್ ಡಿಸ್‌ಪ್ಲೇ ಲೈಟ್ ಬಳಸಬಹುದು. ಅವನಿಗೆ ಎರಡನೆಯದು ಹಿಡಿಸಿತು. ಕಡುಗಂದು ಅಕ್ಷರವನ್ನು ನಾಲ್ಕು ಶಾಯಿ ಬೆರೆಸಿ ಮಾಡಬೇಡ ಅಂತ ಹೇಳಿದ್ದೇನೆ. ನಾಲ್ಕು ಅಚ್ಚು ಕೂದಲಿನಷ್ಟು ಸರಿದರೂ ತೆಳು ಗೆರೆಯ ಪಕ್ಕ ಬಣ್ಣದ ನೆರಳು ಬೀಳುತ್ತದೆ. ಒಂದೇ ಸ್ಪಾಟ್ ಕಲರ್, ಅಂದರೆ ಮೊದಲೇ ಬೆರೆಸಿಟ್ಟ ಒಂದೇ ಶಾಯಿ, ಸಾಕು. ತೂಕ, ಎಂಆರ್‌ಪಿ ಅಂಕಿಗಳಿಗೆ ಕನಿಷ್ಠ ಎತ್ತರ ಇಷ್ಟು ಅಂತ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳಲ್ಲಿ ಇದೆ. ಅಲ್ಲಿ ಲೈಟ್ ಮುಟ್ಟಲೇಬೇಡಿ.

ಮೇಷ್ಟ್ರ ಸಂಕಲನಕ್ಕೆ ನ್ಯಾಚುರಲ್ ಶೇಡ್ ಮ್ಯಾಪ್‌ಲಿಥೋ. ಅದು ಶಾಯಿ ಹೀರುವ ಕಾಗದ. ಕವಿತೆಗಳು ಟಿರೋ ಕನ್ನಡದಲ್ಲಿ 12 ಪಾಯಿಂಟ್, ಕವಿತೆಯ ಶೀರ್ಷಿಕೆ ಮಾತ್ರ ನೋಟೋ ಸೆರಿಫ್ ಕನ್ನಡ ಲೈಟ್, 26 ಪಾಯಿಂಟ್. ಲೈಟ್ ಶೀರ್ಷಿಕೆಯ ಕೆಳಗೆ ಬಿಟ್ಟ ಖಾಲಿ ಜಾಗ ನೋಡಿ ಮೇಷ್ಟ್ರು ಪುಟದ ಮೇಲೆ ಕೈಯಾಡಿಸಿದರು. ಇಂಗ್ಲಿಷ್ ಅಕ್ಷರ ಆ ಪುಸ್ತಕದಲ್ಲಿ ಹಕ್ಕುಸ್ವಾಮ್ಯದ ಪುಟದಲ್ಲಿ ಮಾತ್ರ.

ತೆಳು ಅಕ್ಷರಕ್ಕೆ ನಿಜವಾದ ಮನೆ ಮದುವೆ ಕಾರ್ಡ್. 300 ಜಿಎಸ್‌ಎಂ ನಯವಾದ ಐವರಿ ಬೋರ್ಡ್, ವಧೂವರರ ಹೆಸರು ಕಾರ್ಮೊರಂಟ್ ಲೈಟ್‌ನಲ್ಲಿ 42 ಪಾಯಿಂಟ್, ಕನ್ನಡದಲ್ಲಿ ನೋಟೋ ಸೆರಿಫ್ ರೆಗ್ಯುಲರ್. ಚಿನ್ನದ ಫಾಯಿಲ್ ಹಾಕುವುದಾದರೆ ಲೈಟ್ ಬದಲು ಮೀಡಿಯಂ. ಫಾಯಿಲ್ ತೆಳು ಗೆರೆಯಲ್ಲಿ ಅಲ್ಲಲ್ಲಿ ಹರಿದುಹೋಗುತ್ತದೆ. ಕೆಳಗೆ 'ಸುಖಾಗಮನ ಬಯಸುವವರು' ಅಂತ ಬರುವ ಸಾಲುಸಾಲು ಹೆಸರುಗಳನ್ನು ಮಾತ್ರ ರೆಗ್ಯುಲರ್‌ಗಿಂತ ಕೆಳಗೆ ಇಳಿಸಬೇಡಿ. ಅಜ್ಜಿ ಕನ್ನಡಕ ಹಾಕಿಕೊಂಡು ಮೊದಲು ಹುಡುಕುವುದು ಅಲ್ಲಿ ತನ್ನ ಹೆಸರು ಇದೆಯಾ ಅಂತಲೇ.

ಅದೇ ಕಾರ್ಡನ್ನು ಎಲ್ಲರೂ ವಾಟ್ಸ್ಆ್ಯಪ್‌ನಲ್ಲೂ ಕಳಿಸುತ್ತೀರಿ. ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಒತ್ತಿ ಚಿಕ್ಕದು ಮಾಡುತ್ತದೆ, ತೆಳು ಗೆರೆಗಳ ಸುತ್ತ ಬೂದು ಚುಕ್ಕೆ ಏಳುತ್ತವೆ. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ. ಸ್ಟೇಟಸ್‌ಗೆ ಹಾಕಲು ಬೇರೆಯದೇ ಒಂದು ಚಿತ್ರ ಮಾಡಿಸಿಕೊಳ್ಳಿ, ಹೆಸರು ಮಾತ್ರ ದೊಡ್ಡದಾಗಿ, ಒಂದು ತೂಕ ದಪ್ಪವಾಗಿ.